ಉಸಿರುಗೋಡೆ

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಕೆಮ್ಮಬೇಕು. ಬಾಗಿಲ ಬಲಗಡೆ ಎದೆಯೆತ್ತರಕ್ಕೆ ಮೊರದಗಲ ಸುಣ್ಣ ಬಳಿದಿರುತ್ತಾರೆ. ಅದಕ್ಕೆ ಉಸಿರುಗೋಡೆ ಎನ್ನುತ್ತೇವೆ. ಅದರ ಮುಂದೆ ನಿಂತು ಎರಡು ಸಲ ಕೆಮ್ಮಿ, ಒಂದು ಸಲ ಬಾಯಿ ಅಗಲಿಸಿ ಹಾ ಎಂದು ಉಸಿರು ಬಿಡಬೇಕು. ಫ್ಲೂ ಹತ್ತಿದವರಾದರೆ ಸುಣ್ಣದ ಮೇಲೆ ನೀಲಿ ಕೂರುತ್ತದೆ, ಬಿಳಿ ಬಟ್ಟೆಗೆ ಹಾಕುತ್ತೇವಲ್ಲ, ಅಂಥದೇ ನೀಲಿ. ಗೋಡೆ ಬೆಳ್ಳಗೇ ಉಳಿದರೆ ಒಳಗೆ ಕರೆದು ಮಣೆ ಹಾಕುತ್ತಾರೆ. ನೀಲಿ ಬಂದರೆ ಬಂದ ದಾರಿ ಹಿಡಿದು ವಾಪಸು ಹೋಗಿ, ಏಳು ದಿನ ನಿಮ್ಮ ಮನೆಯಲ್ಲಿ ನೀವು ಬಿದ್ದಿರಬೇಕು. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಹೀಗೇ ನಡೆದುಕೊಂಡು ಬಂದಿದೆ.

ನನ್ನ ಹೆಸರು ಸಾಕಮ್ಮ. ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದು ನನ್ನ ಕಸುಬು. ನಲವತ್ತು ವರ್ಷದಿಂದ ಈ ಊರಿನ ಕೂಸುಗಳೆಲ್ಲ ನನ್ನ ಕಾಲ ಮೇಲೆ ಮಲಗಿ ಅತ್ತವೇ. ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರು ಕೂಡ ನನ್ನ ಮುಂದೆ ಹೆಚ್ಚು ಜಂಬ ಕೊಚ್ಚುವುದಿಲ್ಲ. ಅವರು ಬಚ್ಚಲಲ್ಲಿ ಏನೇನು ಮಾಡಿದ್ದರೆಂದು ನನಗೆ ಗೊತ್ತು.

ನೀಲಿಯ ಜೊತೆ ಬದುಕುವುದು ನಮಗೆ ಕಷ್ಟವೇನಲ್ಲ. ಅದು ಕಣ್ಣಿಗೆ ಕಾಣುತ್ತದೆ, ಅದೇ ಸಮಾಧಾನ. ಜ್ವರದವನು ಕೈಗೆ ಕೆಮ್ಮಿ ಅದೇ ಕೈಯಲ್ಲಿ ಅಗುಳಿ ತೆಗೆದರೆ ಅಗುಳಿಯ ಮೇಲೆ ನೀಲಿ. ಅದನ್ನು ಮುಟ್ಟಿದವಳ ಬೆರಳ ಮೇಲೆ ನೀಲಿ. ಅವಳು ಕಣ್ಣುಜ್ಜಿಕೊಂಡರೆ ರೆಪ್ಪೆಯ ಮೇಲೆ ನೀಲಿ, ಎರಡು ದಿನ ಕಳೆದರೆ ಅವಳಿಗೂ ಜ್ವರ. ಲೋಟದ ಅಂಚಿನಲ್ಲಿ, ಬಸ್ಸಿನ ಕಂಬಿಯಲ್ಲಿ, ಅಂಗಡಿಯ ತಕ್ಕಡಿಯಲ್ಲಿ ನಾವು ಅದನ್ನು ಹುಡುಕಿ ಹುಡುಕಿ ಒರೆಸುತ್ತೇವೆ. ಸೋಪು ಹಚ್ಚಿ, ಬೆರಳ ಸಂದಿಯನ್ನೆಲ್ಲ ತಿಕ್ಕಿದರೆ ಹೋಗುತ್ತದೆ. ಬರೀ ನೀರಿಗೆ ಜಗ್ಗುವುದಿಲ್ಲ. ಬರಿಗೈಗೆ ಕೆಮ್ಮಬಾರದೆಂದು ನನ್ನ ಪಕ್ಕದ ಮನೆಯ ದರ್ಜಿ ಜವರಯ್ಯ ಎಲ್ಲರ ಅಂಗಿಗೂ ಮೊಣಕೈ ಒಳಮಗ್ಗುಲಿಗೆ ಒಂದು ಬಿಳಿ ತೇಪೆ ಹಾಕಿ ಕೊಡುತ್ತಾನೆ, ಅದಕ್ಕೇ ಕೆಮ್ಮಬೇಕು. ಕಾಯಿಲೆ ಮನೆಯಲ್ಲಿ ಕಿಟಕಿ ತೆಗೆದಿಟ್ಟರೆ ನೀಲಿ ಹೊಗೆಯ ಎಳೆಯ ಹಾಗೆ ಆಚೆ ಹೋಗಿ ಚದುರುತ್ತದೆ. ಮುಚ್ಚಿಟ್ಟರೆ ಅಲ್ಲೇ ಸುತ್ತುತ್ತಿರುತ್ತದೆ. ಒಮ್ಮೆ ಹೆಣ್ಣು ನೋಡಲು ಬಂದ ಗಂಡು ಕಾಫಿ ಕುಡಿದಿಟ್ಟ ಲೋಟದಲ್ಲಿ ನೀಲಿ ಕಂಡು ಆ ಸಂಬಂಧವೇ ಮುರಿದುಹೋಯಿತು. ಗೋಡೆಯ ಮುಂದೆ ಉಸಿರು ಬಿಗಿಹಿಡಿದು ಮೋಸ ಮಾಡಿದ್ದನಂತೆ. ಅವನಿಗೆ ಇವತ್ತಿಗೂ ಮದುವೆಯಾಗಿಲ್ಲ.

ಹೀಗೆ ಬೆಳೆದವರಿಗೆ ಬಿಳಿಯ ಮೇಲೆ ಎಲ್ಲಿಲ್ಲದ ನಂಬಿಕೆ. ಗೋಡೆ ಬೆಳ್ಳಗಿದ್ದ ಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುವುದೆಂದರೆ ಆ ಮನೆಯವರ ಮುಖಕ್ಕೆ ಉಗಿದಂತೆ. ನಿಮ್ಮ ಗೋಡೆ ಸುಳ್ಳು ಎಂದ ಹಾಗೆ. ಅಂಥವರಿಗೆ ಮತ್ತೆ ಆ ಮನೆಯಲ್ಲಿ ನೀರೂ ಹುಟ್ಟುವುದಿಲ್ಲ.

ಮೂರು ವರ್ಷದ ಹಿಂದೆ ಆಸ್ಪತ್ರೆಗೆ ಫಿಲೋಮಿನಮ್ಮ ಎನ್ನುವ ನರ್ಸ್ ಬಂದರು. ಹೊರಗಿನವರು, ತೆಳ್ಳನೆಯ ಹೆಂಗಸು, ನಗು ಕಡಿಮೆ. ಬಂದ ಮೊದಲನೇ ಚಳಿಗಾಲದಲ್ಲಿಯೇ ಊರವರ ಬಾಯಿಗೆ ಬಿದ್ದರು. ನೀಲಿ ತಡವಾಗಿ ಬರುತ್ತದೆ, ಅದು ಕಾಣುವುದಕ್ಕೆ ಒಂದು ದಿನ ಮುಂಚೆಯೇ ರೋಗ ಬಾಯಿಂದ ಹೊರಟಿರುತ್ತದೆ ಎಂದು ಮನೆಮನೆಗೆ ಹೇಳಿಕೊಂಡು ತಿರುಗಿದರು. ವರ್ಷಕ್ಕೊಂದು ಸೂಜಿ ಚುಚ್ಚಿಸಿಕೊಳ್ಳಿ, ಗಂಟಲು ಕೆರೆದರೆ ಗೋಡೆ ನೋಡುತ್ತಾ ಕೂರದೆ ಮನೆಯಲ್ಲೇ ಇರಿ ಎಂದರು. ನಾವು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಅವರು ನನ್ನನ್ನೇ ಹುಡುಕಿಕೊಂಡು ಬಂದದ್ದೂ ಇದೆ. ನಾನು ಆಗ ಜಗಲಿಯ ಮೇಲೆ ಕೂತು ಸೀಗೆಕಾಯಿ ಬಿಡಿಸುತ್ತಿದ್ದೆ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದರು. "ಸಾಕಮ್ಮ, ಊರಿನಲ್ಲಿ ಯಾರು ಚುಚ್ಚಿಸಿಕೊಳ್ಳದೆ ಇದ್ದರೂ ನೀವು ಚುಚ್ಚಿಸಿಕೊಳ್ಳಲೇಬೇಕು. ಆರು ತಿಂಗಳು ತುಂಬದ ಮಕ್ಕಳಿಗೆ ಈ ಸೂಜಿ ಹಾಕುವ ಹಾಗಿಲ್ಲ. ಅವನ್ನು ಮುಟ್ಟುವವರು ಹಾಕಿಸಿಕೊಂಡರೇನೇ ಅವಕ್ಕೆ ಕಾವಲು."

"ನಲ್ವತ್ ವರ್ಸದಿಂದ ಗ್ವಾಡೆ ನೋಡ್ಕಂಡೇ ಬದ್ಕಿವ್ನಿ ಕಣವ್ವ," ಎಂದೆ ನಾನು. "ಕಣ್ಗೆ ಕಾಣ್ದೇ ಇರೋದ್ಕೆಲ್ಲ ಹೆದ್ರುಕಂಡು ಮನೇಲಿ ಕುಂತ್ಕಂಡ್ರೆ ಕೂಸ್ಗೊಳ್ಗೆ ನೀರ್ ಹಾಕೋರ್ಯಾರು?"

ಸೂಜಿ ಹಾಕಿಸಿಕೊಂಡರೆ ಒಂದು ದಿನ ತೋಳು ನೋಯುತ್ತದೆ ಎಂದು ಯಾರೋ ಹೇಳಿದ್ದರು. ತೋಳು ನೋಯುತ್ತಾ ಕೂಸು ಹಿಡಿಯಲಾಗುವುದಿಲ್ಲ, ಒಂದು ದಿನದ ನೀರು ತಪ್ಪುತ್ತದೆ. ನಲವತ್ತು ವರ್ಷದಲ್ಲಿ ನಾನು ಒಪ್ಪಿಕೊಂಡ ಮನೆಯಲ್ಲಿ ಒಂದು ದಿನವೂ ನೀರು ತಪ್ಪಿಸಿದವಳಲ್ಲ. ಆ ಹೆಮ್ಮೆ ನನಗೆ ಇತ್ತು, ಮುಚ್ಚಿಡುವುದೇಕೆ. ನರ್ಸಮ್ಮ ಮೂರು ವರ್ಷವೂ ಕೇಳಿದರು, ನಾನು ಮೂರು ವರ್ಷವೂ ಏನೋ ಒಂದು ನೆವ ಹೇಳಿದೆ.

ಈಗ ಚೆಲುವಿಯ ವಿಷಯಕ್ಕೆ ಬರುತ್ತೇನೆ. ಬರಲೇಬೇಕು.

ಚೆಲುವಿ ನಮ್ಮ ಬೀದಿಯ ಕೊನೆಯ ಮನೆಯ ದ್ಯಾವಮ್ಮನ ಒಬ್ಬಳೇ ಮಗಳು. ಇಪ್ಪತ್ಮೂರು ವರ್ಷದ ಹಿಂದೆ ಅವಳಿಗೂ ನೀರು ಹಾಕಿದವಳು ನಾನೇ. ಅವಳ ತಲೆ ಸ್ವಲ್ಪ ಸೊಟ್ಟಗಿತ್ತು. ಎಣ್ಣೆ ಹಚ್ಚಿ ನೀವಿ ನೀವಿ ಗುಂಡಗೆ ಮಾಡಿದ್ದೆ, ಆಮೇಲೆ ಅವಳು ಜಡೆ ಹಾಕಿಕೊಂಡು ಓಡಾಡುವಾಗೆಲ್ಲ ನನ್ನ ಕೈಕೆಲಸ ನೋಡಿ ಎಂದು ಬೀದಿಯವರನ್ನು ಕರೆದು ತೋರಿಸುತ್ತಿದ್ದೆ. ಹೋದ ಮಾಗಿಯಲ್ಲಿ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ಅಮ್ಮನಿಗಿಂತ ಒಳ್ಳೆಯ ತಲೆ, ಒತ್ತು ಕೂದಲು, ಅಳುವಾಗ ಕೆಳತುಟಿ ಮಾತ್ರ ನಡುಗುತ್ತಿತ್ತು. ನೀರು ಮೈಮೇಲೆ ಬಿದ್ದ ಕೂಡಲೇ ಸುಮ್ಮನಾಗಿ ನನ್ನ ಮುಖವನ್ನೇ ನೋಡುತ್ತಿತ್ತು. ಎಷ್ಟೋ ಕೂಸುಗಳಿಗೆ ನೀರು ಹಾಕಿದ್ದೇನೆ, ಎಲ್ಲವೂ ಒಂದೇ ಎಂದು ಬಾಯಲ್ಲಿ ಹೇಳುತ್ತೇನೆ. ಆದರೆ ಈ ಕೂಸಿನ ಮೇಲೆ ನನಗೆ ಜೀವವಿತ್ತು.

ಅದು ಹುಟ್ಟಿ ಇಪ್ಪತ್ತಾರು ದಿನ ಆಗಿತ್ತು. ಹೆಸರಿನ್ನೂ ಇಟ್ಟಿರಲಿಲ್ಲ. ಆ ಭಾನುವಾರ ನಾನು ಜವರಯ್ಯನ ಜಗಲಿಯಲ್ಲಿ ಕೂತು ಟೀ ಕುಡಿದೆ. ಅವನ ಗೋಡೆ ಬೆಳ್ಳಗಿತ್ತು. ಅವನು ಹೊಲಿಯುತ್ತಾ ನಡುನಡುವೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಬಟ್ಟೆಯ ನಾರು ಕಣಕ್ಕ ಎಂದ. ನಾನೂ ಹೌದೆಂದುಕೊಂಡೆ. ಸೋಮವಾರ ಬೆಳಗ್ಗೆ ಅವನ ಹೆಂಡತಿ ಬಾಗಿಲಿಗೆ ಅಡ್ಡಗೋಲು ಹಾಕಿದಳು. ಉಸಿರುಗೋಡೆಯ ಮೇಲೆ ಅಂಗೈಯಗಲ ನೀಲಿ ಇತ್ತು. ನಿನ್ನೆ ಬೆಳ್ಳಗಿತ್ತಲ್ಲ, ನನಗೇನೂ ಆಗುವುದಿಲ್ಲ ಎಂದು ನಾನು ಧೈರ್ಯವಾಗಿದ್ದೆ. ನರ್ಸಮ್ಮನ ಮಾತು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಬಂದದ್ದನ್ನು ಆಚೆಗೆ ತಳ್ಳಿದೆ.

ಮಂಗಳವಾರ ಎದ್ದಾಗ ಗಂಟಲಲ್ಲಿ ಏನೋ ಕೆರೆತ. ಬೆನ್ನು ಹಿಡಿದಿತ್ತು, ಅದು ದಿನಾ ಇದ್ದದ್ದೇ. ನನ್ನ ಗೋಡೆಯ ಮುಂದೆ ನಿಂತು ಕೆಮ್ಮಿದೆ. ಬಿಳಿ. ಇನ್ನೊಮ್ಮೆ ಕೆಮ್ಮಿ ಕಣ್ಣು ಹತ್ತಿರ ತಂದು ನೋಡಿದೆ. ಹಾಲಿನಂಥ ಬಿಳಿ. ಸೆರಗು ಸಿಕ್ಕಿಸಿಕೊಂಡು ಹೊರಟೆ. ಅವತ್ತು ಮೊದಲು ಹೋದದ್ದು ಚೆಲುವಿಯ ಮನೆಗೇ.

ದ್ಯಾವಮ್ಮ ಬಾಗಿಲಲ್ಲೇ ಇದ್ದಳು. ಅವಳ ಮನೆಯ ಗೋಡೆಗೆ ಎರಡಲ್ಲ, ಮೂರು ಸಲ ಕೆಮ್ಮಿದೆ. ಒಂದು ಚುಕ್ಕೆಯೂ ಕೂರಲಿಲ್ಲ. ಬಾ ಬಾ, ನೀರು ಕಾದು ಕುದಿಯುತ್ತಿದೆ ಎಂದು ಅವಳು ಹಂಡೆಯ ಕಡೆ ಓಡಿದಳು. ಚೆಲುವಿ ಕೂಸನ್ನು ನನ್ನ ಕೈಗೆ ಕೊಡುವಾಗ ಒಂದು ಗಳಿಗೆ ತಡೆದಳು.

"ಯಾಕಜ್ಜಿ, ಗಂಟ್ಲು ಕಟ್ದಂಗದೆ?"

"ಒಲೆ ಹೊಗೆ ಕಣವ್ವ. ಗ್ವಾಡೆ ನೋಡಿದ್ಲಲ್ಲ ನಿಮ್ಮವ್ವ."

ಅವಳು ಕೊಟ್ಟಳು. ನಾನು ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿಕೊಂಡು ಎಣ್ಣೆ ತೀಡಿದೆ. ಅಂಗಾತ ಹೊರಳಿಸಿ ಕಡಲೆಹಿಟ್ಟು ಹಚ್ಚಿದೆ. ನೀರು ಹಾಕಿದೆ. ನೀರು ಬಿದ್ದ ಕೂಡಲೇ ಅದು ಎಂದಿನಂತೆ ಸುಮ್ಮನಾಗಿ ನನ್ನ ಮುಖ ನೋಡಿತು. ಮಾತಾಡಿಸುತ್ತಾ, ಲಾಲಿಸುತ್ತಾ ನಾನು ಅದರ ಮುಖದ ಮೇಲೇ ಬಾಗಿದ್ದೆ. ನೀರು ಹಾಕಿದ ಮೇಲೆ ನಾವು ಮಾಡುವ ಕೊನೆಯ ಕೆಲಸವೊಂದಿದೆ. ಕೂಸಿನ ಮೂಗಿನಲ್ಲಿ, ಕಿವಿಯಲ್ಲಿ ನೀರು ನಿಂತಿರುತ್ತದೆ. ನಮ್ಮ ಬಾಯನ್ನು ಅದರ ಮೂಗಿನ ಹತ್ತಿರ ತಂದು ಒಂದೊಂದು ಹೊಳ್ಳೆಗೂ ಮೆತ್ತಗೆ ಊದುತ್ತೇವೆ. ನನ್ನ ಅವ್ವ ಊದುತ್ತಿದ್ದಳು, ಅವಳ ಅವ್ವನೂ ಊದುತ್ತಿದ್ದಳು. ನರ್ಸಮ್ಮ ಅದನ್ನೂ ಬೇಡವೆಂದಿದ್ದರು, ಬಟ್ಟೆಯ ತುದಿಯಲ್ಲಿ ಒತ್ತಿದರೆ ಸಾಕು ಎಂದಿದ್ದರು. ಊದಿದರೆ ಕೂಸಿಗೆ ಕಚಗುಳಿಯಾಗಿ ಮೂಗು ಮುರಿಯುತ್ತದೆ, ಆ ಮುಖ ನೋಡುವುದಕ್ಕೇ ನನಗೆ ಆಸೆ. ಅವತ್ತು ಬಲ ಹೊಳ್ಳೆಗೆ ಎರಡು ಸಲ ಊದಿದೆ, ಎಡ ಹೊಳ್ಳೆಗೆ ಒಂದು ಸಲ. ಲೆಕ್ಕ ತಪ್ಪಿಲ್ಲ, ಅದನ್ನು ದಿನವೂ ನೆನೆಯುತ್ತೇನೆ.

ಚೆಲುವಿಗೂ ನೀರು ಹಾಕಿ ಎದ್ದಾಗ ಮೈಯೆಲ್ಲ ಕುಟ್ಟಿದ ಹಾಗಾಯಿತು. ಇನ್ನೆರಡು ಮನೆ ಬಾಕಿ ಇತ್ತು, ಹೋಗಲಾಗಲಿಲ್ಲ. ಮನೆಗೆ ಬಂದು ಕಂಬಳಿ ಹೊದ್ದು ಮಲಗಿದೆ. ಬುಧವಾರ ಬೆಳಗ್ಗೆ ತಡವರಿಸಿಕೊಂಡು ಬಾಗಿಲಿಗೆ ಬಂದು ಗೋಡೆಗೆ ಕೆಮ್ಮಿದೆ. ನೀಲಿ ಬಂತು, ಮೊರದಗಲ ಸುಣ್ಣದ ಅರ್ಧಕ್ಕೆ ಹರಡಿತು. ನಾನು ಅದನ್ನು ನೋಡುತ್ತಾ ಹೊಸ್ತಿಲ ಮೇಲೆಯೇ ಕುಸಿದು ಕೂತೆ. ನನ್ನ ಜ್ವರದ ಚಿಂತೆ ನನಗಿರಲಿಲ್ಲ.

ಕಿಟಕಿಯಿಂದ ಕೂಗಿ ಜವರಯ್ಯನ ಮನೆಗೆ ಹಾಲು ಕೊಡಲು ಬಂದವರ ಮೂಲಕ ಫಿಲೋಮಿನಮ್ಮನಿಗೆ ಹೇಳಿ ಕಳಿಸಿದೆ. ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದರು, ಕಿಟಕಿಯಾಚೆ ನಿಂತು ಎಲ್ಲ ಕೇಳಿದರು. ನಾನು ಹೇಳಿರಲಿಲ್ಲವೇ ಎಂದು ಒಂದು ಮಾತು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಅನ್ನಲಿಲ್ಲ. ಮೂಗಿಗೆ ಊದಿದಿರಾ ಎಂದು ಮಾತ್ರ ಕೇಳಿದರು. ನಾನು ತಲೆಯಾಡಿಸಿದೆ. ಅವರು ಅಲ್ಲಿಂದಲೇ ದ್ಯಾವಮ್ಮನ ಮನೆಗೆ ಓಡಿದರು.

ದ್ಯಾವಮ್ಮ ಅವರನ್ನು ಒಳಗೆ ಬಿಡಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದದ್ದೇ ತಪ್ಪಾಯಿತು. ಸಾಕಮ್ಮ ಬಂದಾಗ ಗೋಡೆ ಬೆಳ್ಳಗಿತ್ತು, ನನ್ನ ಕಣ್ಣಾರೆ ನೋಡಿದ್ದೇನೆ, ಕೂಸು ಚೆನ್ನಾಗಿದೆ, ಅಪಶಕುನ ನುಡಿಯಬೇಡಿ ಎಂದು ಬಾಗಿಲು ಹಾಕಿದಳಂತೆ. ಆಗ ಕೂಸು ನಿಜವಾಗಿಯೂ ಚೆನ್ನಾಗಿತ್ತು. ಗುರುವಾರ ಸಂಜೆ ಅದು ಮೊಲೆ ಬಿಟ್ಟಿತು. ಶುಕ್ರವಾರ ಮೈ ಸುಡುತ್ತಿತ್ತು, ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡುತ್ತಿತ್ತು. ಚೆಲುವಿ ತನಗೂ ಜ್ವರವಿದ್ದರೂ ಅವ್ವನ ಮಾತು ಕೇಳದೆ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ನಡೆದಳು. ಅಲ್ಲಿ ಅದನ್ನು ತೂಗುವಾಗ ಕೆಮ್ಮಿತಂತೆ. ಬೆಕ್ಕಿನ ಮರಿ ಸೀನಿದ ಹಾಗೆ ಸಣ್ಣ ಕೆಮ್ಮು. ತಕ್ಕಡಿಯ ಬಿಳಿ ಬಟ್ಟೆಯ ಮೇಲೆ ಸಾಸಿವೆಕಾಳಿನಷ್ಟು ನೀಲಿ ಬಿತ್ತು.

ಫಿಲೋಮಿನಮ್ಮ ಮೂರು ಹಗಲು ಮೂರು ರಾತ್ರಿ ಅದರ ಪಕ್ಕದಿಂದ ಏಳಲಿಲ್ಲ ಎಂದು ಆಮೇಲೆ ಕೇಳಿದೆ. ಸೋಮವಾರ ಬೆಳಗ್ಗೆ ಹೋಯಿತು.

ನನಗೆ ಆ ಸುದ್ದಿ ತಂದದ್ದು ಜವರಯ್ಯ. ಅವನ ಏಳು ದಿನ ಅವತ್ತಿಗೆ ಮುಗಿದಿತ್ತು. ಕಿಟಕಿಯ ಹತ್ತಿರ ನಿಂತು ಹೇಳಿ, ಹೆಗಲ ಟೇಪನ್ನು ಸುಮ್ಮನೆ ಬೆರಳಿಗೆ ಸುತ್ತುತ್ತಾ ನಿಂತ. ನಿನ್ನ ಟೀಯಿಂದ ಬಂತಪ್ಪ ಇದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನಿಗೂ ಇನ್ಯಾರದೋ ಬೆಳ್ಳನೆಯ ಗೋಡೆಯಿಂದಲೇ ಬಂದಿರಬೇಕು. ನಾನು ಒಳಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ.

ಆದರೆ ತಪ್ಪು ಹೊರಿಸಲು ಊರಿಗೆ ಒಂದು ನೀಲಿ ಬೇಕಾಗಿತ್ತು. ಹೂವಿನ ಪುಟ್ಟೀರಮ್ಮ ಸಿಕ್ಕಳು. ಅವಳಿಗೆ ಕೂಸು ಕಾಯಿಲೆ ಬೀಳುವುದಕ್ಕೆ ಹತ್ತು ದಿನ ಮುಂಚೆ ಜ್ವರ ಬಂದು ಬಿಟ್ಟಿತ್ತು, ಏಳು ದಿನ ಮನೆಯೊಳಗೇ ಇದ್ದು, ಗೋಡೆ ಬೆಳ್ಳಗಾದ ಮೇಲೆಯೇ ಬುಟ್ಟಿ ಹೊತ್ತು ಹೊರಗೆ ಬಂದಿದ್ದಳು. ಚೆಲುವಿಯ ಮನೆ ಕಿಟಕಿಯಿಂದ ಒಂದು ಮೊಳ ಹೂವು ಕೊಟ್ಟಿದ್ದೇ ಅವಳು ಮಾಡಿದ ತಪ್ಪು. ಅವಳ ರವಿಕೆಯ ತೇಪೆಯಲ್ಲಿ ನೂಲಿಗೆ ಇಳಿದು ಒಗೆದರೂ ಹೋಗದ ಹಳೆಯ ನೀಲಿ ಕಲೆ ಒಂದಿತ್ತು. ಅದನ್ನು ಯಾರೋ ನೋಡಿದರು. ಮಾರನೆಯ ದಿನ ಅವಳ ಹೂವನ್ನು ಯಾರೂ ಮುಟ್ಟಲಿಲ್ಲ, ಅದರ ಮಾರನೆಯ ದಿನ ಅವಳ ಬಾಗಿಲಿಗೆ ಸಗಣಿ ಎರಚಿದ್ದರು.

ನನ್ನ ಏಳು ದಿನ ಮುಗಿದ ಬೆಳಗ್ಗೆ ಗೋಡೆಗೆ ಕೆಮ್ಮಿದೆ. ಬಿಳಿ. ಸುಣ್ಣ ನೋಡಿ ನನಗೆ ಹೇಸಿಗೆಯಾಯಿತು. ಹಳೆಯ ಪಂಚೆ ಹರಿದು ಮೂಗು ಬಾಯಿ ಮುಚ್ಚುವ ಹಾಗೆ ಕಟ್ಟಿಕೊಂಡು ದ್ಯಾವಮ್ಮನ ಮನೆಗೆ ಹೋದೆ. ಸಾವಿನ ಮನೆ, ಹತ್ತಾರು ಜನ ಜಗಲಿಯಲ್ಲಿದ್ದರು. ನಾನು ಒಳಗೆ ಹೋಗದೆ ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಭಾನುವಾರದ ಟೀ ಹೇಳಿದೆ, ಗಂಟಲ ಕೆರೆತ ಹೇಳಿದೆ, ಊದಿದ್ದು ಹೇಳಿದೆ. ಪುಟ್ಟೀರಮ್ಮನದು ಏನೂ ತಪ್ಪಿಲ್ಲ, ಕೂಸನ್ನು ಕೊಂದವಳು ನಾನು ಎಂದೆ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದ್ಯಾವಮ್ಮ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

"ಸುಮ್ಕಿರು ಸಾಕವ್ವ. ಗ್ವಾಡೆ ಬೆಳ್ಗಿತ್ತು, ನಾನೇ ನೋಡಿವ್ನಿ. ದುಃಖಕ್ಕೆ ತಲೆ ಕೆಟ್ಟದೆ ನಿಂಗೆ. ಆ ಹೂವ್ನೋಳ್ನ ನೀನ್ಯಾಕೆ ವಯಿಸ್ಕಂಡು ಬಂದೀಯೆ?"

ಜಗಲಿಯವರೆಲ್ಲ ಹೌದು ಹೌದೆಂದರು. ಪಾಪ, ಆ ಕೂಸೆಂದರೆ ಅವಳಿಗೆ ಪ್ರಾಣ ಎಂದರು. ಒಬ್ಬಳು ನೀರು ತಂದು ಕೊಟ್ಟಳು. ಇನ್ನೊಬ್ಬಳು, ಮೊದಲು ಆ ಬಾಯಿಬಟ್ಟೆ ಬಿಚ್ಚಮ್ಮ, ಸಾವಿನ ಮನೆಯಲ್ಲಿ ಹೀಗೆ ಅವಮಾನ ಮಾಡಬಾರದು ಎಂದಳು. ನಾನು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ.

ಆಗ ಚೆಲುವಿ ಹೊರಗೆ ಬಂದಳು. ತಲೆ ಬಾಚಿರಲಿಲ್ಲ. ಎದೆಯ ಸೀರೆ ಹಾಲಿಗೆ ಒದ್ದೆಯಾಗಿತ್ತು. ಬಾಯಿಬಟ್ಟೆ ಬಿಚ್ಚಜ್ಜಿ ಎಂದು ಮೆಲ್ಲಗೆ ಹೇಳಿ, ನನ್ನ ತೋಳು ಹಿಡಿದು ಉಸಿರುಗೋಡೆಯ ಮುಂದೆ ತಂದು ನಿಲ್ಲಿಸಿದಳು.

"ಪಾಪುಗೆ ಹೆಂಗೆ ಊದ್ದೆ, ಹಂಗೇ ಊದು."

ಬೇಡ ಕಣವ್ವ ಎಂದೆ. ಅವಳು ತೋಳು ಬಿಡಲಿಲ್ಲ. ಬಾಗಿ, ತುಟಿ ಕೂಡಿಸಿ, ಸುಣ್ಣದ ಹತ್ತಿರ ಬಾಯಿ ತಂದು ಮೆತ್ತಗೆ ಎರಡು ಸಲ ಊದಿದೆ. ತಡೆದು ಇನ್ನೊಂದು ಸಲ. ಜಗಲಿಯವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಏನೂ ಕೂರಲಿಲ್ಲ. ನೋಡಿದಿರಾ, ನಾನು ಹೇಳಲಿಲ್ಲವೇ ಎಂದು ದ್ಯಾವಮ್ಮ ಹಿಂದಿನಿಂದ ಅಂದಳು.

ಚೆಲುವಿ ಆ ಬಿಳಿಯನ್ನು ತುಂಬ ಹೊತ್ತು ನೋಡಿದಳು.

"ಅವತ್ತೂ ಹಿಂಗೇ ಇತ್ತು," ಎಂದಳು.

ಆಮೇಲೆ ಬಚ್ಚಲಿಗೆ ಹೋಗಿ ಹಂಡೆಯ ತಳದ ಮಸಿಯನ್ನು ಎರಡು ಕೈಯಲ್ಲೂ ಬಳಿದು ತಂದು ಗೋಡೆಗೆ ಉಜ್ಜಿದಳು. ಸುಣ್ಣದ ಒಂದು ಚೂರೂ ಕಾಣದ ಹಾಗೆ ಉಜ್ಜಿದಳು. ಅವಳ ಉಗುರು ಮುರಿದು ರಕ್ತ ಬಂತು, ಮಸಿಯಲ್ಲಿ ಅದು ಕಾಣಲೂ ಇಲ್ಲ. ತಡೆಯಲು ಬಂದವರಲ್ಲಿ ಯಾರನ್ನೂ ಹತ್ತಿರ ಬಿಡಲಿಲ್ಲ. ನಾನು ತಡೆಯಲು ಹೋಗಲಿಲ್ಲ.

ಮಾರನೆಯ ದಿನ ದ್ಯಾವಮ್ಮ ಅದರ ಮೇಲೆ ಮತ್ತೆ ಸುಣ್ಣ ಬಳಿದಳು. ಸಂಜೆಗೆ ಚೆಲುವಿ ಮತ್ತೆ ಮಸಿ ಹಚ್ಚಿದಳು. ಅವಳನ್ನು ಗಂಡನ ಮನೆಗೆ ಕಳಿಸುವವರೆಗೂ ಹೀಗೇ ನಡೆಯಿತು. ಈಗ ಆ ಗೋಡೆ ಎಲ್ಲರ ಗೋಡೆಯಂತೆ ಬೆಳ್ಳಗಿದೆ. ಪುಟ್ಟೀರಮ್ಮ ಊರು ಬಿಟ್ಟು ಹೋದಳು, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ನಾನು ಸೂಜಿ ಚುಚ್ಚಿಸಿಕೊಂಡೆ. ತೋಳು ಅರ್ಧ ದಿನ ನೋಯಿತು, ಅಷ್ಟೇ. ಅರ್ಧ ದಿನ.

ಸೋಪು ಹಚ್ಚಿ ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡೇ ನೀರು ಹಾಕುತ್ತೇನೆ ಎಂದು ಈಗ ಎಲ್ಲ ಮನೆಯಲ್ಲೂ ಹೇಳುತ್ತೇನೆ. ಗಂಟಲು ಚೂರು ಕೆರೆದರೂ ಬರುವುದಿಲ್ಲ ಎನ್ನುತ್ತೇನೆ. ಕೇಳಿದವರು ಸರಿ ಕಣಮ್ಮ ಎಂದು ಬೇರೆಯವರನ್ನು ಕರೆಸಿಕೊಳ್ಳುತ್ತಾರೆ. ಒಂದೇ ಒಂದು ಮನೆ ಉಳಿದಿದೆ, ಅದೂ ಫಿಲೋಮಿನಮ್ಮ ಹೇಳಿ ಕೊಡಿಸಿದ್ದು. ಅಲ್ಲಿಯ ಕೂಸಿನ ಮೂಗಿನ ನೀರನ್ನು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ತೆಗೆಯುತ್ತೇನೆ. ಅದು ಮೂಗು ಮುರಿಯುವುದಿಲ್ಲ.

ಮನೆಯಲ್ಲಿ ಒಲೆ ಹಚ್ಚಿದಾಗ ಸೌದೆ ಹಸಿಯಿದ್ದರೆ ಉರಿ ಏಳುವುದಿಲ್ಲ. ಊದುಗೊಳವೆ ಅಟ್ಟದ ಮೇಲೆ ಹಾಕಿಬಿಟ್ಟಿದ್ದೇನೆ. ಬೀಸಣಿಗೆ ಇಟ್ಟುಕೊಂಡಿದ್ದೇನೆ.